ಗುಳ್ಳೆ ಏಳದ ಕೈಗಳು

ಎಡಗೈ ತೊಳೆದು ಮುಗಿದಿತ್ತು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಉಗುರಿನ ಸಂದಿಗೆ ಮೆತ್ತಿಕೊಂಡಿದ್ದ ತೌಡನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯುತ್ತಿದ್ದ ಭದ್ರಮ್ಮ ಅಲ್ಲಿಗೇ ನಿಂತಳು. ಆ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೊಳೆದಿಟ್ಟಿದ್ದ ಎಡಗೈಯನ್ನೂ ಮತ್ತೆ ಎತ್ತಿ ನೋಡಿದಳು.

ಎರಡೂ ಕೈ ಚೆನ್ನಾಗಿಯೇ ಇದ್ದವು. ಅದೇ ಸರಿಯಿರಲಿಲ್ಲ.

ಹೆಣ್ಣು ಹೆಣ ಬಂದರೆ ತೊಳೆದು ಮನೆಯವರಿಗೆ ಒಪ್ಪಿಸುವುದು ಹೆಡ್ ಕಾನ್‌ಸ್ಟೇಬಲ್ ಕೆಲಸವೆಂದು ಎಲ್ಲೂ ಬರೆದಿಲ್ಲ. ಗಂಡ ಡ್ಯೂಟಿಯ ಮೇಲೆ ಸತ್ತು, ಅದರ ಅನುಕಂಪಕ್ಕೆ ಈ ಖಾಕಿ ಸೀರೆ ಸಿಕ್ಕ ಹೊಸತರಲ್ಲಿ, ಬಾವಿಯಿಂದ ತೆಗೆದ ಬಾಣಂತಿಯೊಬ್ಬಳನ್ನು ಕೆಸರಿನ ಸಮೇತ ಕೊಡಲು ಮನಸ್ಸು ಬಾರದೆ ತೊಳೆದುಬಿಟ್ಟಿದ್ದಳು. ಅಂದಿನಿಂದ ಅದು ಅವಳ ಕೊರಳಿಗೇ ಬಿತ್ತು. ‘ಭದ್ರಮ್ಮನ ಗಿರಾಕಿ ಬಂತು’ ಎಂದು ಠಾಣೆಯಲ್ಲಿ ನಗುತ್ತಾರೆ. ಅವಳೂ ನಗುತ್ತಾಳೆ. ನಗದಿದ್ದರೆ ಇನ್ನೊಂದು ಹೆಸರಿಡುತ್ತಾರೆ.

ಇಂದಿನವಳು ಸೋಮಿ. ಬೀಚನಹಳ್ಳಿ ಅಣೆಕಟ್ಟೆಯ ಕೆಳಗಿನ ಮೀನು ಮೇವಿನ ಶೆಡ್ಡಿನಲ್ಲಿ, ಬಾಯಿ ತುಂಬ ರೇಷ್ಮೆ ಹುಳ ತುಂಬಿಕೊಂಡು, ಚೀಲಗಳಿಗೆ ಒರಗಿದಂತೆ ನಿನ್ನೆ ಬೆಳಿಗ್ಗೆ ಸಿಕ್ಕಿದವಳು. ಕಾಡಂಚಿನ ಆದಿವಾಸಿ ಹಾಡಿಯ ಹೆಣ್ಣು. ವಯಸ್ಸು ಭದ್ರಮ್ಮನ ಮಗಳಷ್ಟೇ. ತಲೆಯ ಹಿಂದೆ ಪೆಟ್ಟಿತ್ತು. ಕುಡಿದ ಮತ್ತಿನಲ್ಲಿ ಹೊಡೆದಿದ್ದಾನೆಂದು ಗಂಡ ಲಿಂಗನನ್ನು ಎಳೆತಂದು ಲಾಕಪ್ಪಿಗೆ ಹಾಕಿಯಾಗಿತ್ತು.

ಭದ್ರಮ್ಮನ ಮಗಳು ರಮ್ಯಾ ಕೆಲಸ ಮಾಡುತ್ತಿದ್ದುದೂ ಅದೇ ಶೆಡ್ಡಿನಲ್ಲಿ.

ಸಾಕು ಮೀನಿನ ಮೇವಿಗೆಂದು ಕರಾವಳಿಯಿಂದ ಲಾರಿಗಟ್ಟಲೆ ಒಣಮೀನಿನ ಹಿಟ್ಟು ಬರುತ್ತದೆ. ಬಡವರ ಸಾರಿಗೆ ಬೀಳಬೇಕಾದ ಬೂತಾಯಿಯಂಥ ಸಣ್ಣ ಮೀನನ್ನು ಪುಡಿ ಮಾಡಿ ಮೀನಿಗೇ ತಿನ್ನಿಸುವ ವ್ಯಾಪಾರ ಅದು ಎಂದು ರಮ್ಯಾ ಸಿಡುಕುತ್ತಿದ್ದಳು. ಅದರ ಬದಲು ಕೆ.ಆರ್. ನಗರ, ಪಿರಿಯಾಪಟ್ಟಣದ ಕಡೆ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಹುಳವನ್ನು ಒಣಗಿಸಿ, ಎಣ್ಣೆ ಹಿಂಡಿ, ಪುಡಿ ಮಾಡಿ ಹಾಕಿದರೆ ಕಾಟ್ಲಾ, ರೋಹು ಮೀನುಗಳು ಅಷ್ಟೇ ಚೆನ್ನಾಗಿ ಬೆಳೆಯುತ್ತವೆಯೇ ಎಂದು ನೋಡುವ ಪ್ರಯೋಗ ಅಲ್ಲಿ ನಡೆದಿತ್ತು. ಮೈಸೂರಿನ ಪ್ರೊಫೆಸರ್ ಉಮಾಶಂಕರ ಅದರ ಯಜಮಾನ. ರಮ್ಯಾ ಅವನ ಕೈಕೆಳಗೆ. ಅರ್ಧ ತೊಟ್ಟಿಗಳಿಗೆ ಮೀನು ಹಿಟ್ಟಿನ ಮೇವು, ಇನ್ನರ್ಧಕ್ಕೆ ಹುಳದ ಮೇವು. ಎರಡನ್ನೂ ತೌಡು, ಕಡಲೆಕಾಯಿ ಹಿಂಡಿಯ ಜೊತೆ ನಾದಿ, ಶ್ಯಾವಿಗೆ ಒರಳಿನಲ್ಲಿ ಒತ್ತಿ, ಬಿಸಿಲಿಗೆ ಹರವುತ್ತಿದ್ದವಳು ಸೋಮಿ.

ಸಂಕ್ರಾಂತಿಯ ಹೊತ್ತಿಗೆ ಮಗಳಿಗೆ ಬುತ್ತಿ ಕೊಡಲು ಹೋದಾಗ ಭದ್ರಮ್ಮ ಅವಳನ್ನು ನೋಡಿದ್ದಳು. ಎರಡೂ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ನಾದುತ್ತಿದ್ದಳು. ಹುಳದ ಹಿಟ್ಟು ಅವಳ ಮೈಗೆ ಆಗುತ್ತಿರಲಿಲ್ಲ. ಕವರ್ ಕಟ್ಟಿಯೂ ಮೊಣಕೈವರೆಗೆ ಸುಟ್ಟ ಹಾಗೆ ಗುಳ್ಳೆಗಳೆದ್ದು ಒಡೆದಿದ್ದವು. ಬೇರೆ ಯಾರನ್ನಾದರೂ ಇಟ್ಟುಕೊಳ್ಳಬಾರದೇನೆ ಎಂದು ಕೇಳಿದ್ದಕ್ಕೆ ರಮ್ಯಾ, ಇವಳಷ್ಟು ಹದವಾಗಿ ಬೇರೆ ಯಾರೂ ನಾದುವುದಿಲ್ಲ ಎಂದಿದ್ದಳು.

ಈಗ ಆ ಕೈಗಳ ಮೇಲೆ ಒಂದು ಗುಳ್ಳೆಯಿಲ್ಲ. ಹಳೆಯ ಗಾಯಗಳ ಕಲೆ ಮಾತ್ರ ತೆಳ್ಳಗೆ ಉಳಿದಿತ್ತು.

ಬೆಳಿಗ್ಗೆ ಹೆಣ ಕೊಯ್ದು ನೋಡುವಾಗಲೇ ಡಾಕ್ಟರು ಬಾಯಲ್ಲಿದ್ದುದನ್ನು ತೆಗೆದು ಬಾಟಲಿಗೆ ಹಾಕಿದ್ದರು. ಆದರೂ ಭದ್ರಮ್ಮ ದವಡೆಯ ಹಿಂದೆ ಬೆರಳಾಡಿಸಿದಾಗ ಇನ್ನೊಂದು ಸಿಕ್ಕಿತು. ಕಡಲೆಕಾಯಿ ಬೀಜದಷ್ಟಿತ್ತು, ಕಂದು ಬಣ್ಣ, ಇಡಿಯಾಗಿತ್ತು. ಹಲ್ಲಿನ ಗುರುತಿರಲಿಲ್ಲ. ಸೋಮಿಯ ತುಟಿಗಳನ್ನು ಬಿಡಿಸಿ ನೋಡಿದಳು. ಊದಿಲ್ಲ, ಕೆಂಪಾಗಿಲ್ಲ. ಹಿಟ್ಟು ತಾಗಿದರೇ ಸುಡುವ ಮೈಗೆ ಇಡೀ ಹುಳ ಬಾಯಿಗೆ ಹೋದರೆ ಏನಾಗಬೇಕಿತ್ತು? ಏನೂ ಆಗಿರಲಿಲ್ಲ. ಸತ್ತ ಮೈ ಊದುವುದಿಲ್ಲ.

ಸೋಮಿ ತಿಂದದ್ದಲ್ಲ. ಸತ್ತ ಮೇಲೆ ಯಾರೋ ತುಂಬಿದ್ದು.

ಹೊರಗೆ ಆಸ್ಪತ್ರೆಯ ಗೋಡೆಯ ನೆರಳಿನಲ್ಲಿ ಸೋಮಿಯ ತಾಯಿ ಚಿಕ್ಕಮಾದಮ್ಮ ಕೂತಿದ್ದಳು. ಹೆಣ ಸಂಜೆಗೆ ಸಿಗುತ್ತದೆ ಎಂದು ಯಾರೋ ಹೇಳಿದ್ದರು, ಬೆಳಗಿನಿಂದ ಕದಲಿರಲಿಲ್ಲ. ಭದ್ರಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮಗಳ ಕೈಗೆ ಏನು ಔಷಧಿ ಹಚ್ಚಿದಿರಿ ಎಂದು ಕೇಳಿದಳು.

"ಏನೂ ಅಚ್ಲಿಲ್ಲ ಕಣವ್ವ. ಉಗಾದಿ ಕಳೀತಿದ್ದಂಗೆ ತಂತಾನೇ ವಾಸಿ ಆಗೋಯ್ತು."

"ಕೆಲ್ಸ ಬುಟ್ಟಿದ್ಲಾ?"

"ಎಲ್ಲಿ ಬುಟ್ಲು? ದಿನಾ ಅದೇ ಹುಳಿನ್ ಹಿಟ್ಟೇ ಕಲಸ್ತಿದ್ದದ್ದು. ಕವರ್ ಕಟ್ಟೋದೂ ಬುಟ್ಬುಟ್ಟಿದ್ಲು." ಮುದುಕಿ ತನ್ನ ಕೈಗಳನ್ನೇ ನೋಡಿಕೊಂಡಳು. "ಡಿಲ್ಲಿ ಸಾಹೇಬ್ರು ಬತ್ತಾರೆ, ಅವ್ರಿಗೆ ಕೈ ತೋರುಸ್ತೀನಿ, ನಮ್ಮ ಅಕ್ಕೋರಿಗೆ ಖುಸಿ ಆಯ್ತದೆ ಅಂತ ಎಣ್ಣೆ ಬ್ಯಾರೆ ತಿಕ್ಕೊಂಡಿದ್ಲು."

ಅಕ್ಕೋರು ಎಂದರೆ ರಮ್ಯಾ.

ಭದ್ರಮ್ಮ ಏಳುವಾಗ ಮುದುಕಿ ಅವಳ ಸೆರಗು ಹಿಡಿದಳು. "ಹುಳ ತಿಂದು ಸತ್ಲು ಅಂತಾವ್ರಲ್ಲವ್ವ. ನಾವೇನು ಸಿಕ್ಕಿದ್ದೆಲ್ಲ ತಿಂತೀವಾ?"

 ಭದ್ರಮ್ಮ ಸೆರಗು ಬಿಡಿಸಿಕೊಂಡು ಠಾಣೆಗೆ ನಡೆದಳು.

*

ಎಸ್‌ಐ ನೀಲಕಂಠಸ್ವಾಮಿಯ ಎದುರು ಧರ್ಮೇಂದ್ರ ಟೀ ಕುಡಿಯುತ್ತ ಕೂತಿದ್ದ. ಹುಣಸೂರಿನಲ್ಲಿ ಎಣ್ಣೆ ಗಾಣ ಇಟ್ಟವನು. ರೇಷ್ಮೆ ಹುಳದ ಎಣ್ಣೆ ಹಿಂಡಿ, ಪುಡಿ ಮಾಡಿ ಶೆಡ್ಡಿಗೆ ಕಳಿಸುವವನು ಅವನೇ. ಪ್ರಯೋಗ ಗೆದ್ದರೆ ಆ ಮೇವಿನ ಫ್ಯಾಕ್ಟರಿ ಹಾಕುವವನೂ ಅವನೇ ಎಂದು ಊರಿಗೆಲ್ಲ ಗೊತ್ತಿತ್ತು. ಪ್ರಯೋಗದ ಫಲ ನೋಡಿ ಒಪ್ಪಿಗೆ ಕೊಡುವ ದಿಲ್ಲಿಯ ತಂಡ ನಿನ್ನೆಯೇ ಬರಬೇಕಿತ್ತು. ಈ ಸಾವಿನಿಂದಾಗಿ ಮುಂದಿನ ವಾರಕ್ಕೆ ಹೋಗಿದೆ, ಅಷ್ಟರೊಳಗೆ ಇದು ಮುಗಿಯಬೇಕು ಎಂದು ಅವನು ವಿವರಿಸುತ್ತಿದ್ದ. ಶೆಡ್ಡಿಗೆ ಬೀಗ ಹಾಕಬೇಡಿ ಎಂದು ಪ್ರೊಫೆಸರ್ ಕೂಡ ಆಗಲೇ ಮೈಸೂರಿನಿಂದ ಫೋನ್ ಮಾಡಿದ್ದನಂತೆ.

ಭದ್ರಮ್ಮ ನಿಂತುಕೊಂಡೇ ತಾನು ಕಂಡದ್ದರಲ್ಲಿ ಅರ್ಧ ಹೇಳಿದಳು. ಹುಳಕ್ಕೆ ಹಲ್ಲು ತಾಗಿಲ್ಲ, ತುಟಿ ಊದಿಲ್ಲ, ತಿಂದಿರಲಾರಳು. ಕೈಯ ವಿಷಯ ಹೇಳಲಿಲ್ಲ. ಏಕೆ ಹೇಳಲಿಲ್ಲವೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

"ಏನಮ್ಮ, ಹೆಣ ತೊಳೆದೂ ತೊಳೆದೂ ಡಾಕ್ಟರಾಗ್ಬುಟ್ಯಾ?" ಎಂದ ಎಸ್‌ಐ. "ತಿಂದ್ಲೋ ಬಿಟ್ಲೋ, ಗಂಡ ಹೊಡೆದ, ಸತ್ಲು."

"ಅವು ಕಾಡಲ್ಲಿ ಜೇನು ಹುಟ್ಟನ್ನ ಮರಿ ಸಮೇತ ತಿಂತವೆ ಬುಡಿ ಸಾರ್," ಎಂದ ಧರ್ಮೇಂದ್ರ. "ಇದ್ಯಾವ ಲೆಕ್ಕ."

ಅವು, ಎಂದ. ದನಕ್ಕೆ ಹೇಳುವ ಹಾಗೆ. ಎಸ್‌ಐ ನಕ್ಕ. ಭದ್ರಮ್ಮ ಈ ಸಲ ನಗಲಿಲ್ಲ, ಯಾರೂ ಗಮನಿಸಲಿಲ್ಲ.

ನಾಳೆ ಲಿಂಗನನ್ನು ಕೋರ್ಟಿಗೆ ಹಾಜರುಪಡಿಸುವುದೆಂದೂ, ಅಷ್ಟರೊಳಗೆ ಅವನ ಬಾಯಿಂದ ಮಾತು ಬರಬೇಕೆಂದೂ, ಶೆಡ್ಡಿನ ಕಡೆ ಅವಳು ತಲೆ ಹಾಕಬಾರದೆಂದೂ ಎಸ್‌ಐ ಹೇಳಿದ. ಮಗಳು ಅಲ್ಲಿದ್ದಾಳೆ, ನಾಳೆ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಅವಳ ಒಳ್ಳೆಯದಕ್ಕೇ ಹೇಳುವವನ ದನಿಯಿತ್ತು.

ಹಿಂದಿನ ಕೋಣೆಯಲ್ಲಿ ಲಿಂಗ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಂಗಾಲು ಊದಿ ನೆಲ ತಾಗಿಸಲಾಗದೆ ಮಂಡಿಯ ಮೇಲೆ ಎದ್ದು ಬಂದು ಚೊಂಬು ಇಸಿದುಕೊಂಡ. ಶೆಡ್ಡಿನಲ್ಲಿ ತೊಟ್ಟಿ ತೊಳೆಯುವವನು ಅವನು. ಭದ್ರಮ್ಮನನ್ನು ಗುರುತು ಹಿಡಿಯುತ್ತಿದ್ದ.

"ಕುಡ್ದಿದ್ದೆ ಅಕ್ಕ. ಒಡ್ದಿಲ್ಲ," ಎಂದ. ನೀರು ಕುಡಿದ ಮೇಲೆ ಕೇಳಿದ, "ಎಬ್ಬೆಟ್ಟು ಒತ್ತುದ್ರೆ ಬುಡ್ತಾರಾ?"

"ನಾಳೆಗಂಟ ತಡ್ಕೋ ಲಿಂಗ. ಒತ್ಬ್ಯಾಡ."

"ನೀನು ಹೇಳ್ದಂಗೆ ಅಕ್ಕ," ಎಂದು ಅವನು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟ. ಆ ನಂಬಿಕೆ ಅವಳಿಗೆ ಬೇಡವಾಗಿತ್ತು. ಕೊಟ್ಟಾಗಿತ್ತು, ಇನ್ನು ಹೊರಬೇಕು.

*

ಪೊಲೀಸಾಗಿ ಹೋಗಬಾರದು ಎಂದಿದ್ದರು. ಅವಳು ಮನೆಗೆ ಹೋಗಿ ಖಾಕಿ ಬಿಚ್ಚಿ, ಹೂವಿನ ಸೀರೆ ಉಟ್ಟು, ಡಬ್ಬಿಗೆ ಮುದ್ದೆ, ಅವರೆಕಾಳಿನ ಸಾರು ತುಂಬಿಕೊಂಡು ಬೀಚನಹಳ್ಳಿಯ ಬಸ್ಸು ಹತ್ತಿದಳು.

ಶೆಡ್ಡಿನಲ್ಲಿ ರಮ್ಯಾ ಒಬ್ಬಳೇ ಇದ್ದಳು. ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ದೊಡ್ಡ ಬೇಸಿನ್ನಿನಲ್ಲಿ ಹಿಟ್ಟು ಕಲಸುತ್ತಿದ್ದಳು. ಹದ ಬಂದಿರಲಿಲ್ಲ. ಶ್ಯಾವಿಗೆ ಒರಳಿನಿಂದ ತುಂಡು ತುಂಡಾಗಿ ಉದುರುತ್ತಿತ್ತು. ಸೋಮಿ ಸಿಕ್ಕಿದ ಜಾಗದಲ್ಲಿ ಅವೇ ಚೀಲಗಳು ಒಂದರ ಮೇಲೊಂದು ಇದ್ದವು.

ಕೈ ತೊಳೆದುಕೊಂಡು ಊಟ ಮಾಡು, ನಾನು ನಾದುತ್ತೇನೆ ಎಂದು ಭದ್ರಮ್ಮ ಬೇಸಿನ್ನಿನ ಮುಂದೆ ಕೂತಳು. ಮಗಳು ಇಲ್ಲವೆನ್ನಲಿಲ್ಲ. ಭದ್ರಮ್ಮ ಕಾದಳು. ಮಗಳು ಅರ್ಧ ಮುದ್ದೆ ಮುಗಿಸುವವರೆಗೂ ಕಾದಳು. ಹಸಿದವರು ಹಟ ಮಾಡುತ್ತಾರೆ, ಹೊಟ್ಟೆ ಸ್ವಲ್ಪ ತುಂಬಿದವರು ಬಾಯಿ ಬಿಡುತ್ತಾರೆ. ಠಾಣೆಯಲ್ಲಿ ಕಲಿತದ್ದನ್ನು ಮಗಳ ಮೇಲೆ ಮಾಡುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಿತ್ತು.

"ಈ ಚೀಲ ಹುಳದ ಹಿಟ್ಟಿನದೇ ಏನೆ?"

"ಹೂಂ. ಬರೆದಿದೆಯಲ್ಲ."

"ಹಂಗಾದ್ರೆ ಸೋಮಿ ಕೈ ಹೆಂಗೆ ವಾಸಿ ಆಯ್ತು?"

ರಮ್ಯಾ ತಟ್ಟೆಯ ಮೇಲಿನ ಕೈಯನ್ನು ಎತ್ತಲಿಲ್ಲ, ಬಾಯಿಗೂ ತರಲಿಲ್ಲ.

"ಇದ ಮುಟ್ಟಿದ್ರೆ ಗುಳ್ಳೆ ಏಳ್ತಿದ್ದೋಳು. ಉಗಾದಿಯಿಂದ ಬರೀ ಕೈಯಲ್ಲಿ ಕಲಸಿದಾಳೆ. ಏನೂ ಆಗಿಲ್ಲ. ಇದ್ರಲ್ಲಿ ಹುಳ ಇಲ್ಲ ಅಲ್ವೇನೆ?"

ಹೊರಗೆ ತೊಟ್ಟಿಯಲ್ಲಿ ಮೀನೊಂದು ಮೇಲೆ ಹಾರಿ ಬಿತ್ತು. ರಮ್ಯಾ ಅತ್ತ ನೋಡಿ, ನಿಧಾನವಾಗಿ, ಪರೀಕ್ಷೆಯಲ್ಲಿ ಫೇಲಾದ ಸುದ್ದಿ ಹೇಳುವವಳಂತೆ ಹೇಳತೊಡಗಿದಳು. ಮಾಘದಲ್ಲಿ ಧರ್ಮೇಂದ್ರನ ಗಾಣದಿಂದ ಬಂದ ಪುಡಿಯಲ್ಲಿ ಎಣ್ಣೆ ಪೂರ್ತಿ ಹಿಂಡಿರಲಿಲ್ಲ. ಬಿಸಿಲು ಏರಿದಂತೆ ಅದು ಕಮಟಿತು. ಮೀನು ಮೇವಿಗೆ ಬಾಯಿ ಹಾಕದೆ ಸೊರಗಿದವು, ಒಂದಷ್ಟು ಹೊಟ್ಟೆ ಮೇಲಾಗಿ ತೇಲಿದವು. ಮತ್ತೆ ಮೊದಲಿನಿಂದ ಶುರು ಮಾಡಲು ಕಾಲವಿರಲಿಲ್ಲ. ಪ್ರೊಫೆಸರನೂ ಗಾಣದವನೂ ಕೂತು ಮಾತಾಡಿದರು. ಅಂದಿನಿಂದ ಹುಳದ ಚೀಲಗಳಿಗೂ ಮೀನು ಹಿಟ್ಟೇ ಬಿತ್ತು. ಈಗ ಎರಡೂ ಕಡೆಯ ಮೀನು ಒಂದೇ ಸಮ ಬೆಳೆದಿವೆ.

"ಸರಿಯಾಗಿ ಹಿಂಡಿದ್ರೆ ನಿಜವಾಗ್ಲೂ ಬೆಳೀತಿದ್ವು ಅಮ್ಮ," ಎಂದಳು. "ನನ್ನ ಲೆಕ್ಕ ಸುಳ್ಳಲ್ಲ."

ಈಗ ಉಳಿಸಿಕೊಳ್ಳಬೇಕಾದದ್ದು ಅದೊಂದೇ ಎನ್ನುವ ಹಾಗೆ ಹೇಳಿದಳು. ಭದ್ರಮ್ಮ ಹಿಟ್ಟಿಗೆ ಸ್ವಲ್ಪ ನೀರು ಚಿಮುಕಿಸಿದಳು.

"ಸೋಮಿಗೆ ಗೊತ್ತಾಯ್ತಾ?"

"ಅವಳಿಗೆ ಏನು ಗೊತ್ತಾಗುತ್ತೆ? ಹೋದ ಸಲ ದಿಲ್ಲಿಯೋರು ಬಂದಾಗ ಅವಳ ಗುಳ್ಳೆ ನೋಡಿ ಫೋಟೋ ತೆಗೆದಿದ್ರು. ಮೊನ್ನೆ ಸಂಜೆ ಎರಡೂ ಕೈ ಚಾಚ್ಕೊಂಡು ಬಂದ್ಳು. ನೋಡಿ ಅಕ್ಕೋರೆ, ವಾಸಿ ಆಗೋಯ್ತು, ನಾಳೆ ಅವ್ರಿಗೆ ಮತ್ತೆ ತೋರಿಸ್ತೀನಿ ಅಂತ. ಅವರಿಬ್ಬರೂ ಇಲ್ಲೇ ಇದ್ರು."

ಉಮಾಶಂಕರ, ಧರ್ಮೇಂದ್ರ. ಕೈ ವಾಸಿಯಾದ ಖುಷಿಯನ್ನು ಹಂಚಲು ಬಂದವಳನ್ನು ಆ ಇಬ್ಬರಲ್ಲಿ ಒಬ್ಬ ಹೊಡೆದಿದ್ದ. ಭದ್ರಮ್ಮನಿಗೆ ಒಂದು ಕ್ಷಣ, ನಾಚಿಕೆಯಾಗುವಷ್ಟು, ಹಗುರವೆನಿಸಿತು. ಮಗಳು ಸುಳ್ಳು ಚೀಲ ಕಟ್ಟಿದ್ದಾಳೆ, ಅಷ್ಟೇ ತಾನೆ. ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ. ಬದುಕಬಹುದು. ಲಿಂಗ ಹೊರಗೆ ಬರುತ್ತಾನೆ.

ಒಂದೇ ಒಂದು ಎಳೆ ಉಳಿದಿತ್ತು. ಅದನ್ನು ಎಳೆಯದೆ ಎದ್ದು ಹೋಗಬಹುದಿತ್ತು. ಆಮೇಲೆ ಎಷ್ಟೋ ಸಲ ಅವಳು ಹಾಗೆಂದುಕೊಂಡಳು.

"ಇಡೀ ಹುಳ ಎಲ್ಲಿಂದ ಬಂತು? ಇಲ್ಲಿಗೆ ಗಾಣದಿಂದ ಪುಡಿ ಆಗೇ ಬರೋದು ಅಂತ ನೀನೇ ಅಂದಿದ್ದೆ. ಲಿಂಗಂಗೂ ಗೊತ್ತು ಅದು. ಈ ಶೆಡ್ಡಲ್ಲಿ ಒಂದು ಇಡೀ ಹುಳ ಹುಡುಕಿದ್ರೂ ಸಿಕ್ಕಲ್ಲ. ಅವನು ಎಲ್ಲಿಂದ ತಂದು ತುಂಬ್ತಾನೆ?"

"ನಾನು ತಂದಿದ್ದು." ರಮ್ಯಾಳ ದನಿ ಸಣ್ಣಗಾಗಿತ್ತು. "ದಿಲ್ಲಿಯೋರಿಗೆ ತಟ್ಟೇಲಿಟ್ಟು ತೋರಿಸೋಕೆ. ಕೆ.ಆರ್. ನಗರದಿಂದ, ಅವತ್ತೇ ನೂಲು ಬಿಚ್ಚಿದ್ದು."

"ಅದನ್ನ ಎತ್ಕೊಂಡೋರು ಯಾರು?"

 ತಟ್ಟೆಯಲ್ಲಿ ಸಾರು ಕೆನೆಗಟ್ಟಿತು.

"ಅವಳು ಆಗ್ಲೇ ಸತ್ತೋಗಿದ್ಳು ಕಣಮ್ಮ."

ಭದ್ರಮ್ಮನ ಕೈ ನಿಲ್ಲಲಿಲ್ಲ. ಹಿಟ್ಟನ್ನು ಮಡಚಿತು, ಒತ್ತಿತು, ಮತ್ತೆ ಮಡಚಿತು. ಕೈ ತನ್ನ ಪಾಡಿಗೆ ಕೆಲಸ ಮಾಡುವುದನ್ನು ಅವಳು ದೂರದಿಂದ ಎಂಬಂತೆ ನೋಡುತ್ತಿದ್ದಳು. ಮಗಳು ‘ತುಂಬಿದ್ದು ನಾನು’ ಎನ್ನಲಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು. ತೊಟ್ಟಿಗಳ ಹತ್ತಿರದಿಂದ ವಾಪಸು ಬಂದಾಗ ಸೋಮಿ ನೆಲದ ಮೇಲಿದ್ದಳು. ಇಬ್ಬರಲ್ಲಿ ಒಬ್ಬರು ಅಷ್ಟರಲ್ಲಿ ಹೊರಟುಹೋಗಿದ್ದರು, ಇನ್ನೊಬ್ಬರು ಮಾತ್ರ ಪಕ್ಕದಲ್ಲಿ ನಿಂತಿದ್ದರು. ಜಾರಿ ಬಿದ್ದಳು, ಹೋಗಿಬಿಟ್ಟಳು ಎಂದರು.

"ಉಸಿರು ನೋಡಿದ್ಯಾ?"

"ಅವರು ನೋಡಿದ್ರು."

"ನೀನು ನೋಡಿದ್ಯೇನೆ?"

"ಅವರು ನೋಡಿದ್ರು ಅಂದ್ನಲ್ಲಮ್ಮ." ರಮ್ಯಾ ಮೊದಲ ಸಲ ದನಿ ಏರಿಸಿದಳು. "ಹಸಿವಿಗೆ ಕದ್ದು ತಿಂದು ಸತ್ತಳು ಅಂದ್ರೆ ಯಾರೂ ಕೇಳಲ್ಲ, ಹಾಡಿಯೋಳು ತಾನೆ ಅಂದ್ರು. ಯಾರು ಕೇಳಿದ್ರು ಹೇಳು? ನೀನೊಬ್ಳು ಬಿಟ್ಟು."

"ಯಾರು ಆ ಅವರು? ಮೇಷ್ಟ್ರಾ, ಗಾಣದೋನಾ?"

"ಅದೊಂದು ಕೇಳ್ಬೇಡ. ನಾನು ಅವರ ಹೆಸರು ಹೇಳಿದ್ರೆ ಅವರು ನನ್ನ ಹೆಸರು ಹೇಳ್ತಾರೆ. ಹಂಗಂತ ಮಾತಾಗಿದೆ."

ಭದ್ರಮ್ಮ ಬೇಸಿನ್ನಿನ ಅಂಚಿಗೆ ಮೆತ್ತಿದ್ದ ಹಿಟ್ಟನ್ನು ಬೆರಳಿಂದ ಬಳಿದು ಉಂಡೆಗೆ ಸೇರಿಸಿದಳು. ಅವಳಿಗೆ ಕೇಳಬೇಕೆನಿಸಿದ್ದು ಕಾನೂನಿಗೆ ಬೇಕಾದ ಪ್ರಶ್ನೆಯಲ್ಲ.

"ಕೈ ನಡುಗ್ಲಿಲ್ವಾ?"

ರಮ್ಯಾ ಯೋಚಿಸಿ, ನಿಜವನ್ನೇ ಹೇಳಿದಳು.

"ಮೊದಲ್ನೇ ಹಿಡಿಗೆ ನಡುಗಿತು."

*

ಸಂಜೆ ಬಸ್ಸಿಳಿದು ಆಸ್ಪತ್ರೆಯ ಕಡೆ ನಡೆಯುವಾಗ ಭದ್ರಮ್ಮ ಒಂದೇ ಮಾತನ್ನು ಒಳಗೊಳಗೇ ಹಿಡಿದುಕೊಂಡಿದ್ದಳು. ಸತ್ತ ಮೈ ಊದುವುದಿಲ್ಲ. ಸೋಮಿಯ ತುಟಿ ಊದಿರಲಿಲ್ಲ. ಹಾಗಾದರೆ ರಮ್ಯಾ ಹೇಳಿದ್ದು ನಿಜ. ಹೆಣಕ್ಕೆ ಅಪಮಾನ ಮಾಡಿದ್ದಾಳೆ, ಸಾಕ್ಷಿ ಕೆಡಿಸಿದ್ದಾಳೆ. ಜೈಲಾಗಬಹುದು. ಆದರೆ ಕೊಂದಿಲ್ಲ. ಜೈಲಿನಿಂದ ಹೆಣ್ಣುಮಕ್ಕಳು ವಾಪಸು ಬಂದದ್ದನ್ನು ಅವಳು ನೋಡಿದ್ದಾಳೆ. ಬೆಂಗಾವಲಿಗೆ ಹೋಗಿ ತಾನೇ ಕರೆತಂದಿದ್ದಾಳೆ. ರಾತ್ರಿ ಮಗಳ ಎದುರು ಕೂತು, ನಾಳೆ ಲಿಂಗನನ್ನು ಕೋರ್ಟಿಗೆ ಒಯ್ಯುವ ಮೊದಲು ನೀನೇ ಠಾಣೆಗೆ ಹೋಗಿ ಹೇಳಿಬಿಡು ಎನ್ನಬೇಕು. ಹಾಗೆ ಎನ್ನಲು ಬೇಕಾದ ಧೈರ್ಯವನ್ನು ಹೆಜ್ಜೆ ಹೆಜ್ಜೆಗೂ ಕೂಡಿಸಿಕೊಳ್ಳುತ್ತಿದ್ದಳು.

ಡಾಕ್ಟರ್ ಹರ್ಷಿತಾ ಅವಳಿಗಾಗಿಯೇ ಕಾಯುತ್ತಿದ್ದರು. ಚಿಕ್ಕ ವಯಸ್ಸು, ಮಾತಾಡುವಾಗ ಕಣ್ಣು ತಪ್ಪಿಸದ ಹುಡುಗಿ. ಕೋಣೆಯ ಬಾಗಿಲು ಮುಂದೆ ಮಾಡಿ, ಕೂತ್ಕೊಳ್ಳಿ ಭದ್ರಮ್ಮ ಎಂದರು. ಎಸ್‌ಐ ಫೋನ್ ಮಾಡಿ, ತಲೆಯ ಪೆಟ್ಟಿನಿಂದ ಸಾವು ಎಂದೇ ತಾನೆ ಎಂದು ಕೇಳಿದ್ದರಂತೆ. ಬೆಳಿಗ್ಗೆ ಹೇಳುತ್ತೇನೆ ಎಂದು ಇಟ್ಟುಬಿಟ್ಟರಂತೆ.

"ಆ ಪೆಟ್ಟಿಗೆ ಚರ್ಮ ಸೀಳಿದೆ ಅಷ್ಟೇ. ಬುರುಡೆಗೆ ಏನೂ ಆಗಿಲ್ಲ, ಒಳಗೆ ರಕ್ತ ಇಲ್ಲ. ಪ್ರಜ್ಞೆ ತಪ್ಪಿರ್ತಾಳೆ. ಸ್ವಲ್ಪ ಹೊತ್ತು ಬಿಟ್ಟಿದ್ರೆ ಎದ್ದು ಕೂರ್ತಿದ್ಳು."

ಮತ್ತೆ ಸತ್ತದ್ದು ಹೇಗೆ ಎಂದು ಭದ್ರಮ್ಮ ಕೇಳಿದಳು.

"ಶ್ವಾಸನಾಳ ಬಿಚ್ಚಿ ನೋಡಿದೆ," ಎಂದರು ಡಾಕ್ಟರು. "ಎದೆ ಹತ್ರ, ಎರಡಾಗಿ ಕವಲೊಡೆಯುತ್ತಲ್ಲ, ಅಲ್ಲಿಗಂಟ ಹುಳ ಹೋಗಿದಾವೆ. ಸತ್ತೋರ ಬಾಯಿಗೆ ಎಷ್ಟು ತುಂಬಿದ್ರೂ ಗಂಟಲಲ್ಲೇ ನಿಲ್ಲುತ್ತೆ. ಅಲ್ಲಿಗೆ ಹೋಗ್ಬೇಕು ಅಂದ್ರೆ ಅವಳೇ ಉಸಿರು ಎಳ್ಕೊಂಡಿರ್ಬೇಕು."

"ತುಟಿ ಊದಿರ್ಲಿಲ್ಲ ಡಾಕ್ಟ್ರೇ." ತನ್ನ ದನಿ ಬೇಡುವವಳ ದನಿಯಂತಿರುವುದು ಭದ್ರಮ್ಮನಿಗೆ ಕೇಳಿಸಿತು. "ಆ ಹುಳ ಆಯ್ತಿರ್ಲಿಲ್ಲ ಅವಳ ಮೈಗೆ. ಬದುಕಿದ್ರೆ ಊದ್ಕೋಬೇಕಿತ್ತು."

"ಊದ್ಕೊಳ್ಳೋಕೂ ಜೀವ ಒಂದಷ್ಟು ಹೊತ್ತು ಇರ್ಬೇಕಲ್ಲ. ಅಷ್ಟು ಹೊತ್ತೂ ಬದುಕಲಿಲ್ಲ ಅವಳು." ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಹೊಡೆದವನು ಕೊಂದಿಲ್ಲ ಭದ್ರಮ್ಮ. ಬಾಯಿಗೆ ತುಂಬಿದವನು ಕೊಂದಿದ್ದು. ಇಬ್ರೂ ಒಬ್ಬನೇನೋ, ಬೇರೆ ಬೇರೆನೋ, ಅದು ನಿಮ್ಮ ಕೆಲಸ. ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಇನ್ನೂ ಇಲ್ಲ ಡಾಕ್ಟ್ರೇ," ಎಂದಳು ಭದ್ರಮ್ಮ.

ಹಾಡಿಯವರು ಜೀಪು ತಂದಿದ್ದರು. ಸೋಮಿಯನ್ನು ಎತ್ತುವಾಗ ಭದ್ರಮ್ಮ ತಲೆಯ ಕಡೆ ಹಿಡಿದಳು. ತಲೆ ಹಿಡಿಯುವುದು ಮನೆಯವರ ಕೆಲಸ, ಆದರೆ ಚಿಕ್ಕಮಾದಮ್ಮ ಬೇಡವೆನ್ನಲಿಲ್ಲ. ಜೀಪು ಹೊರಡುವಾಗ ಮುದುಕಿ ಕೈ ಚಾಚಿ ಅವಳ ಗಲ್ಲ ಸವರಿ, ನಿನ್ನ ಮಕ್ಕಳು ಮರಿ ತಣ್ಣಗಿರಲಿ ಎಂದಳು. ನನ್ನ ಮಗಳನ್ನು ಕೊಂದೋರನ್ನ ನೀನು ಬಿಡಾಕಿಲ್ಲ ಅಂತ ಗೊತ್ತು ಕಣವ್ವ ಎಂದಳು. ಭದ್ರಮ್ಮ ತಲೆಯಾಡಿಸಿದಳು.

ಜೀಪಿನ ಧೂಳು ಇಳಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅದರ ಬದಲು ತಲೆ ತಿಳಿಯಾಯಿತು. ಇಷ್ಟು ವರ್ಷದ ಡ್ಯೂಟಿಯಲ್ಲಿ ಎಂದೂ ಅಷ್ಟು ತಿಳಿಯಾಗಿ ಅವಳು ಯೋಚಿಸಿರಲಿಲ್ಲ.

ರಮ್ಯಾ ಇದನ್ನು ಎಂದೂ ತಿಳಿಯಬಾರದು. ತಾನು ತುಂಬಿದ್ದು ಹೆಣದ ಬಾಯಿಗೆ ಎಂದುಕೊಂಡೇ ಅವಳು ಮುದುಕಿಯಾಗಬೇಕು.

ಲಿಂಗ ಹೊರಗೆ ಬರಬೇಕು. ಕೊಟ್ಟ ಮಾತು ಅದು. ಅವನ ಜಾಗಕ್ಕೆ ಇನ್ನೊಬ್ಬ ಹೋಗಲೇಬೇಕು. ಡಾಕ್ಟರ ವರದಿ ಬೆಳಿಗ್ಗೆ ಬರುತ್ತದೆ, ಬಂದ ಮೇಲೆ ಎಸ್‌ಐ ಕೂಡ ತುಂಬಿದವನನ್ನೇ ಕೇಳುತ್ತಾನೆ. ಪ್ರೊಫೆಸರನೋ, ಗಾಣದವನೋ, ಇಬ್ಬರಲ್ಲಿ ಒಬ್ಬನನ್ನು ಕೊಡಬೇಕು.

ಹೊಡೆದವನನ್ನು ಹಿಡಿದುಕೊಟ್ಟರೆ, ಅವನು ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ರಮ್ಯಾಳ ಹೆಸರು ಹೇಳುತ್ತಾನೆ. ಹೊಡೆಯದವನು ಹುಳ ತುಂಬುವಾಗ ಅಲ್ಲಿರಲಿಲ್ಲ, ಅವನಿಗೆ ಹೇಳಲು ರಮ್ಯಾಳ ಹೆಸರಿಲ್ಲ. ಲಿಂಗ ಹೇಳಿದ ಹಾಗೆ ನಾನಲ್ಲ, ನಾನಲ್ಲ ಎನ್ನುತ್ತಾನೆ, ಅಷ್ಟೇ. ಹಾಗೆನ್ನುವವರ ಮಾತನ್ನು ಆ ಕೋಣೆಯಲ್ಲಿ ಯಾರೂ ಕೇಳಿದ್ದನ್ನು ಅವಳು ನೋಡಿಲ್ಲ.

ಬೆಳಕು ಹರಿಯುವ ಮೊದಲು ಸೋಮಿಯನ್ನು ಹೊಡೆದವನು ಯಾರೆಂದು ಪತ್ತೆ ಮಾಡಬೇಕು ಎಂದುಕೊಂಡಳು ಭದ್ರಮ್ಮ. ಆಮೇಲೆ ಇನ್ನೊಬ್ಬನನ್ನು ಹಿಡಿಯಬೇಕು.